ಹಿಮ್ಮೇಳದ ಜೊತೆ ಲ್ಯಾಪ್‌ಟಾಪ್ ತಾಳ ತಪ್ಪಿದರೆ: ದೋಷ ನಿವಾರಣೆಗೊಂದು ಕೈಪಿಡಿ

"ಮಾರಾಯ್ರೆ, ನಿಮ್ಮ ಲ್ಯಾಪ್‌ಟಾಪ್ ಹಿಂದೆ ಬೀಳ್ತದೆ." ಯಕ್ಷಗಾನ ಹಿಮ್ಮೇಳದ ಜೊತೆ ಲ್ಯಾಪ್‌ಟಾಪಿನ ನಾದ ಕೂಡಿಸಿದಾಗ ಚೆಂಡೆಯವರು ಹೇಳುವುದು ಇಷ್ಟೇ. ಹೇಳಿದ್ದು ನಿಜವೇ ಆಗಿರುತ್ತದೆ. ಇಡೀ ರಾತ್ರಿ ತಾಳದೊಳಗೇ ಇದ್ದು ಪಳಗಿದ ಕಿವಿ ಅದು. ಆದರೆ ಈ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಇರಬಹುದು. ಒಂದಕ್ಕೆ ಮಾಡಿದ ಪರಿಹಾರ ಇನ್ನೊಂದನ್ನು ಹೆಚ್ಚಿಸುವುದೂ ಉಂಟು. ಹಾಗಾಗಿ ಪ್ರೋಗ್ರಾಮಿಗೆ ಕೈ ಹಾಕುವ ಮೊದಲು, ತಪ್ಪುತ್ತಿರುವುದು ಯಾವ ಬಗೆಯಲ್ಲಿ ಎಂದು ಗೊತ್ತುಮಾಡಿಕೊಳ್ಳಬೇಕು.

ಇಲ್ಲಿ ಹೇಳುತ್ತಿರುವುದು ಉಡುಪಿ, ಮಂಗಳೂರು ಕಡೆಯ ಯಕ್ಷಗಾನ ಹಿಮ್ಮೇಳವನ್ನು ಮನಸ್ಸಿನಲ್ಲಿಟ್ಟುಕೊಂಡು. ಹಾಡುವ ಭಾಗವತರ ಮೈಕ್, ಅವರ ಜಾಗಟೆಗೋ ಕೈತಾಳಕ್ಕೋ ಒಂದು ಸಣ್ಣ ಮೈಕ್, ಮದ್ದಳೆಗೊಂದು, ಚೆಂಡೆಗೊಂದು. ಇವೆಲ್ಲ ಆಡಿಯೋ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ಬರುತ್ತವೆ. ಅದರಲ್ಲಿ, ಶಬ್ದದ ಪ್ರೋಗ್ರಾಂ ಬರೆಯುವ ತಂತ್ರಾಂಶಗಳಾದ ಪ್ಯೂರ್ ಡೇಟಾ ಅಥವಾ ಸೂಪರ್‌ಕೊಲೈಡರ್‌ನಲ್ಲಿ ಬರೆದ ಪ್ರೋಗ್ರಾಂ. ಅದರ ಕೆಲಸ ಪದ್ಯದ ಅಡಿಯಲ್ಲಿ ತಂತಿವಾದ್ಯದಂಥ ನಾದದ ಒಂದು ಪದರ ಹಾಸುವುದು, ಮದ್ದಳೆಯ ನುಡಿತಕ್ಕೆ ಅಲ್ಲಲ್ಲಿ ಉತ್ತರ ಕೊಡುವುದು, ಯುದ್ಧದ ಪದ್ಯಕ್ಕೆ ಗುಡುಗು ತರುವುದು. ಭಜನೆ, ಕರ್ನಾಟಕ ಸಂಗೀತ, ಆರ್ಕೆಸ್ಟ್ರಾ ಯಾವುದಾದರೂ ದೋಷದ ಬಗೆಗಳು ಹೆಚ್ಚುಕಡಿಮೆ ಇವೇ. ಯಕ್ಷಗಾನದಲ್ಲಿ ಅವು ಬೇಗ ಬಯಲಾಗುತ್ತವೆ, ಯಾಕೆಂದರೆ ಇಲ್ಲಿ ಕಾಲ, ಅಂದರೆ ತಾಳದ ವೇಗ, ಒಂದೇ ಕಡೆ ನಿಲ್ಲುವುದಿಲ್ಲ.

ಮೊದಲು ರೆಕಾರ್ಡ್ ಮಾಡಿ

ದೋಷ ಇದೆ ಎಂದು ಕಿವಿ ಹೇಳುತ್ತದೆ. ಎಷ್ಟಿದೆ, ಯಾವ ದಿಕ್ಕಿಗಿದೆ ಎಂದು ಹೇಳುವುದು ರೆಕಾರ್ಡಿಂಗ್. ಅದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ. ತಪ್ಪುತ್ತಿರುವ ಯಂತ್ರವೇ ಅಳತೆಗೋಲಾಗಬಾರದು. ಬೇರೊಂದು ರೆಕಾರ್ಡರ್, ಇಲ್ಲದಿದ್ದರೆ ಒಂದು ಮೊಬೈಲ್, ಚೆಂಡೆಯವರ ಕಿವಿಯ ಎತ್ತರಕ್ಕೆ ಅವರ ಪಕ್ಕದಲ್ಲೇ ಇಡಿ. ದೂರು ಬಂದದ್ದು ಆ ಜಾಗದಿಂದ. ಲ್ಯಾಪ್‌ಟಾಪಿನ ನಾದವನ್ನೆಲ್ಲ ತಾತ್ಕಾಲಿಕವಾಗಿ ತೆಗೆದು, ಅದರ ಜಾಗದಲ್ಲಿ ಒಂದು ಚುರುಕಾದ "ಟಕ್" ಶಬ್ದ ಹಾಕಿ. ಭಾಗವತರು ಪೂರ್ತಿ ಒಂದು ಪದ್ಯ ಹೇಳಲಿ, ಕಾಲ ಏರಿಸಿ ಮುಕ್ತಾಯದವರೆಗೆ ಹೋಗಲಿ.

ಆಮೇಲೆ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಅಲೆಯನ್ನು ಹಿಗ್ಗಿಸಿ ನೋಡಿ. ಜಾಗಟೆಯ ಪೆಟ್ಟು ಎದ್ದ ಜಾಗ ಒಂದು, "ಟಕ್" ಎದ್ದ ಜಾಗ ಇನ್ನೊಂದು. ನಡುವಿನ ಅಂತರವನ್ನು ಮಿಲಿಸೆಕೆಂಡಿನಲ್ಲಿ ಬರೆದುಕೊಳ್ಳಿ. ಟಕ್ ಮುಂಚೆ ಬಂದಿದ್ದರೆ ಮೈನಸ್. ಮೊದಲ ಆವರ್ತಗಳಲ್ಲಿ (ತಾಳದ ಒಂದು ಸುತ್ತು ಒಂದು ಆವರ್ತ) ಕೆಲವು, ನಡುವೆ ಕೆಲವು, ಮುಕ್ತಾಯದ ಹತ್ತಿರ ಕೆಲವು. ಒಂದೇ ಪುಟದಲ್ಲಿ ಕಾಲಂ ಹಾಕಿ ಬರೆದರೆ ದೋಷದ ಮುಖ ಕಾಣುತ್ತದೆ.

ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಇದ್ದರೆ ಅದು ಸ್ಥಿರ ವಿಳಂಬ. ಪದ್ಯ ಮುಂದುವರಿದಂತೆ ಅಂಕಿ ದೊಡ್ಡದಾಗುತ್ತಾ ಹೋದರೆ ಗಡಿಯಾರದ್ದೋ ಲೆಕ್ಕದ್ದೋ ತಪ್ಪು. ಯಾವ ಕ್ರಮವೂ ಇಲ್ಲದೆ ಚೆಲ್ಲಾಪಿಲ್ಲಿಯಾಗಿದ್ದರೆ ಯಂತ್ರ ಸಮಯಕ್ಕೆ ಸರಿಯಾಗಿ ಎದ್ದೇಳುತ್ತಿಲ್ಲ. ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಎಂದು ಸರದಿಯಾಗಿ ಬಂದರೆ ಪ್ರೋಗ್ರಾಂ ತನ್ನನ್ನು ತಾನು ಅತಿಯಾಗಿ ತಿದ್ದಿಕೊಳ್ಳುತ್ತಿದೆ. ಪ್ರತಿ ಆವರ್ತದಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಬಂದರೆ ಅದಕ್ಕೆ ತಾಳ ಅರ್ಥವಾಗಿಲ್ಲ.

ಸೊನ್ನೆಯ ಬೆನ್ನು ಹತ್ತಬೇಡಿ. ಒಟ್ಟಿಗೆ ನುಡಿಸುವ ಒಳ್ಳೆಯ ಕಲಾವಿದರ ನಡುವೆಯೂ ಹತ್ತಾರು ಮಿಲಿಸೆಕೆಂಡ್ ವ್ಯತ್ಯಾಸ ಇದ್ದೇ ಇರುತ್ತದೆ. ಮದ್ದಳೆಯ ಪೆಟ್ಟಿಗೆ ಅಂಟಿಕೊಂಡು ಬರುವ ಟಕ್ 10 ಮಿಲಿಸೆಕೆಂಡ್ ತಡವಾದರೆ ಯಾರೂ ಗಮನಿಸುವುದಿಲ್ಲ. 30 ದಾಟಿದರೆ ಎರಡು ಪೆಟ್ಟಾಗಿ ಕೇಳಲು ಶುರುವಾಗುತ್ತದೆ. 60ಕ್ಕೆ ಚೆಂಡೆಯವರು ತಿರುಗಿ ನೋಡುತ್ತಾರೆ.

ಯಾವಾಗಲೂ ಒಂದೇ ಅಷ್ಟು ತಡ

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಸುಲಭ. ಮೊದಲ ಪರೀಕ್ಷೆಗೆ ಒಂದು ಕೇಬಲ್ ಸಾಕು. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಅದರದ್ದೇ ಇನ್‌ಪುಟ್‌ಗೆ ಕೇಬಲ್ ಚುಚ್ಚಿ, ಪ್ರೋಗ್ರಾಮಿನಿಂದ ಒಂದು ಟಕ್ ಕಳಿಸಿ, ಅದು ವಾಪಸ್ ಬಂದಾಗ ಎಷ್ಟು ಸ್ಯಾಂಪಲ್ (ಯಂತ್ರ ಶಬ್ದವನ್ನು ಅಳೆಯುವ ಚಿಕ್ಕ ತುಣುಕು) ದಾಟಿತ್ತು ಎಂದು ಎಣಿಸಿ. 48 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 1,100 ಸ್ಯಾಂಪಲ್ ಎಂದರೆ ಸುಮಾರು 23 ಮಿಲಿಸೆಕೆಂಡ್. ಇದು ನಿಮ್ಮ ಯಂತ್ರದ ಹೋಗಿಬರುವ ವಿಳಂಬ. ಇದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೇ ಅಂಟಿಸಿ, ಮುಂದೆ ಬೇಕಾಗುತ್ತದೆ.

ಈ ಅಂಕಿ ದೊಡ್ಡದಿದ್ದರೆ ಬಫರ್, ಅಂದರೆ ಯಂತ್ರ ಒಮ್ಮೆಗೆ ಒಟ್ಟುಮಾಡಿ ಸಾಗಿಸುವ ಸ್ಯಾಂಪಲ್‌ಗಳ ಕಂತು, ನೋಡಿ. 48 ಕಿಲೋಹರ್ಟ್ಜ್‌ನಲ್ಲಿ 512 ಸ್ಯಾಂಪಲ್‌ನ ಬಫರ್ ಎಂದರೆ 10.7 ಮಿಲಿಸೆಕೆಂಡ್, ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಒಟ್ಟು 21. ಅದನ್ನು 128ಕ್ಕೆ ಇಳಿಸಿದರೆ ಎರಡೂ ಸೇರಿ 5.3. ಲ್ಯಾಪ್‌ಟಾಪ್ ತಾಳಿಕೊಂಡರೆ 128 ಇಡಿ, ಪಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ವಿಂಡೋಸ್‌ನಲ್ಲಿ ಇಂಟರ್‌ಫೇಸಿನ ಸ್ವಂತ ಎಎಸ್‌ಐಒ ಡ್ರೈವರ್ (ವಿಳಂಬ ಕಡಿಮೆ ಮಾಡುವ ಜೋಡಣೆಯ ತಂತ್ರಾಂಶ) ಬಳಸದಿದ್ದರೆ ಬಫರ್ ಎಷ್ಟು ಇಳಿಸಿದರೂ ಫಲ ಕಡಿಮೆ.

ಕೇಬಲ್ ಪರೀಕ್ಷೆಯಲ್ಲಿ 15 ಮಿಲಿಸೆಕೆಂಡ್, ಅಭ್ಯಾಸದ ರೆಕಾರ್ಡಿಂಗಿನಲ್ಲಿ 90 ಎಂದರೆ ತಪ್ಪು ಕೇಬಲಿನ ಆಚೆ ಇದೆ. ಬ್ಲೂಟೂತ್ ಸ್ಪೀಕರ್ ಅಥವಾ ಹೆಡ್‌ಫೋನ್ ಎಲ್ಲಾದರೂ ಸೇರಿಕೊಂಡಿದೆಯೇ ನೋಡಿ. ಸಾಮಾನ್ಯ ಬ್ಲೂಟೂತ್ ಆಡಿಯೋ 100ರಿಂದ 200 ಮಿಲಿಸೆಕೆಂಡಿನವರೆಗೆ ತಿನ್ನುತ್ತದೆ. ನೇರ ಸಂಗೀತದ ವೇದಿಕೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಸ್ಪೀಕರ್ ಎಲ್ಲಿದೆ ಎಂದೂ ನೋಡಬೇಕು. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಲ್ಯಾಪ್‌ಟಾಪಿನ ನಾದ ಸಭಾಂಗಣದ ಬದಿಯ, 30 ಅಡಿ ದೂರದ ದೊಡ್ಡ ಸ್ಪೀಕರಿನಿಂದ ಮಾತ್ರ ಬರುತ್ತಿದ್ದರೆ ಚೆಂಡೆಯವರ ಕಿವಿಗೆ ಅದು 26 ಮಿಲಿಸೆಕೆಂಡ್ ತಡ. ಪ್ರೋಗ್ರಾಂ ತಿದ್ದಬೇಕಾಗಿಲ್ಲ, ಅವರ ಕಾಲ ಬುಡದಲ್ಲಿ ಒಂದು ಸಣ್ಣ ಮಾನಿಟರ್ ಸ್ಪೀಕರ್ ಇಟ್ಟರೆ ಸಾಕು.

ಸೂಪರ್‌ಕೊಲೈಡರ್ ಬಳಸುವವರು ಒಂದು ವಿಷಯ ಗಮನಿಸಬೇಕು. ಪ್ಯಾಟರ್ನ್‌ಗಳ ಮೂಲಕ ಕಳಿಸುವ ಸ್ವರಗಳಿಗೆ ಅದರ ಸರ್ವರ್ ಮೊದಲೇ 0.2 ಸೆಕೆಂಡಿನ ವಿಳಂಬ ಇಟ್ಟುಕೊಂಡಿರುತ್ತದೆ. ಸ್ವರಗಳು ಸಮ ಅಂತರದಲ್ಲಿ ಬರಲಿ ಎಂದು ಮಾಡಿದ ಏರ್ಪಾಡು ಅದು, ತಪ್ಪಲ್ಲ. ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸರಿಯಾಗಿ 200 ಮಿಲಿಸೆಕೆಂಡ್ ತಡವಾಗುತ್ತದೆ. ನಿಮ್ಮ ಪುಟದಲ್ಲಿ 200ರ ಆಸುಪಾಸಿನ ಅಂಕಿ ಉದ್ದಕ್ಕೂ ಬಂದಿದ್ದರೆ ಮೊದಲು ಇಲ್ಲಿಗೇ ಬನ್ನಿ.

ಟಕ್ ಹಾಕಿದಾಗ ಸರಿಯಿದ್ದು, ನಿಜವಾದ ನಾದ ಹಾಕಿದಾಗ ಮಾತ್ರ "ಹಿಂದೆ ಬೀಳ್ತದೆ" ಎಂದರೆ? ಆಗ ನಾದದ ಆರಂಭವನ್ನು ನೋಡಿ. ಪಿಟೀಲಿನಂಥ ನಾದ ನಿಧಾನವಾಗಿ ಏಳುತ್ತದೆ. ಪ್ರೋಗ್ರಾಂ ಅದನ್ನು ಸರಿಯಾದ ಕ್ಷಣಕ್ಕೆ ಶುರು ಮಾಡಿದರೂ, 80 ಮಿಲಿಸೆಕೆಂಡಿನಲ್ಲಿ ಏರುವ ನಾದದ ಪೆಟ್ಟು ಎಲ್ಲಿ ಬಿತ್ತು ಎಂದು ಕಿವಿ ನಿರ್ಧರಿಸುವುದು ಆ ಏರಿಕೆಯ ನಡುವೆ ಎಲ್ಲೋ. ಪಿಟೀಲು ನುಡಿಸುವವರು ಕಮಾನನ್ನು ಚೂರು ಮುಂಚೆಯೇ ಎಳೆಯುತ್ತಾರೆ. ಪ್ರೋಗ್ರಾಮಿನಲ್ಲೂ ಪ್ರತಿಯೊಂದು ನಾದಕ್ಕೆ "ಇದು ಎಷ್ಟು ಮುಂಚೆ ಹೊರಡಬೇಕು" ಎಂಬ ಅಂಕಿ ಬೇರೆ ಬೇರೆ ಇರಬೇಕು. ಕಿವಿಯಿಂದಲೇ ಹೊಂದಿಸಿ, ಚೆಂಡೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಈ ಕೆಲಸದಲ್ಲಿ ಅವರ ಕಿವಿ ಗ್ರಾಫಿಗಿಂತ ಮೇಲು.

ಆದರೆ ಭಾಗವತರ ಪೆಟ್ಟು ಕೇಳಿದ ಮೇಲೆ ಹೊರಡುವ ಪ್ರೋಗ್ರಾಂ ಮುಂಚೆ ಹೊರಡುವುದು ಹೇಗೆ? ಸಾಧ್ಯವಿಲ್ಲ. ಪೆಟ್ಟು ಕೇಳಿ ಉತ್ತರಿಸುವ ಪ್ರೋಗ್ರಾಂ ಎಷ್ಟು ಚುರುಕಾದರೂ ಪ್ರತಿಧ್ವನಿಯೇ. ಮದ್ದಳೆಯವರು ಜಾಗಟೆ ಬೀಳಲಿ ಎಂದು ಕಾಯುವುದಿಲ್ಲ, ಎಲ್ಲಿ ಬೀಳುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಪ್ರೋಗ್ರಾಮೂ ಹಿಂದಿನ ಪೆಟ್ಟುಗಳಿಂದ ಮುಂದಿನ ಪೆಟ್ಟಿನ ಸಮಯ ಊಹಿಸಿ, ಅದರಲ್ಲಿ ಯಂತ್ರದ ವಿಳಂಬ, ಸ್ಪೀಕರಿನ ದೂರ, ನಾದ ಏಳುವ ಹೊತ್ತು ಮೂರನ್ನೂ ಕಳೆದು ಹೊರಡಬೇಕು. ಸ್ಥಿರ ವಿಳಂಬಕ್ಕೆ ಪೂರ್ತಿ ಪರಿಹಾರ ಇದೊಂದೇ.

ಹೋಗ್ತಾ ಹೋಗ್ತಾ ದೂರವಾಗುವುದು

ಇದಕ್ಕೆ ಮೊದಲು ಹಿಮ್ಮೇಳವನ್ನು ಬಿಟ್ಟು ಪರೀಕ್ಷೆ ಮಾಡಿ. ಅನುಸರಿಸುವ ಭಾಗವನ್ನು ಆಫ್ ಮಾಡಿ, ಪ್ರೋಗ್ರಾಮನ್ನು ನಿಮಿಷಕ್ಕೆ 90ರ ಕಾಲದಲ್ಲಿ ಒಂಟಿಯಾಗಿ ಓಡಿಸಿ, ಪಕ್ಕದಲ್ಲಿ ಒಂದು ಮೆಟ್ರೊನೋಮ್ ಇಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ. ಇಬ್ಬರೂ ಕೊನೆಯವರೆಗೆ ಒಟ್ಟಿಗಿದ್ದರೆ ಗಡಿಯಾರ ಸರಿಯಿದೆ, ದೋಷ ಅನುಸರಣೆಯಲ್ಲಿದೆ.

ಒಟ್ಟಿಗಿಲ್ಲದಿದ್ದರೆ ಹೆಚ್ಚಾಗಿ ಲೆಕ್ಕದ ತಪ್ಪು. 90ರ ಕಾಲದಲ್ಲಿ ಒಂದು ಪೆಟ್ಟಿಗೆ 666.67 ಮಿಲಿಸೆಕೆಂಡ್, ಅದರ ಕಾಲುಭಾಗ 166.67. ಟೈಮರ್ ಪೂರ್ಣಾಂಕ ಮಾತ್ರ ತೆಗೆದುಕೊಳ್ಳುತ್ತದೆ ಎಂದು 166 ಕೊಟ್ಟು "ಇಷ್ಟು ಕಾದು ಮುಂದಿನದ್ದು, ಮತ್ತೆ ಇಷ್ಟು ಕಾದು ಮುಂದಿನದ್ದು" ಎಂದು ಬರೆದರೆ ಪ್ರತಿ ಕಾಲುಭಾಗಕ್ಕೆ 0.67 ಮಿಲಿಸೆಕೆಂಡ್ ಕಳೆದುಹೋಗುತ್ತದೆ. ಒಂದು ಪೆಟ್ಟಿಗೆ 2.67. ಒಂದು ನಿಮಿಷಕ್ಕೆ 240. ಕಾಲು ಸೆಕೆಂಡಿನಷ್ಟು ಅಂತರ ಒಂದೇ ನಿಮಿಷದಲ್ಲಿ! ಟೈಮರ್ ತಡವಾಗಿ ಏಳುವ ಸ್ವಭಾವದ್ದಾದರೆ ಇದೇ ಸಂಗತಿ ಇನ್ನೊಂದು ದಿಕ್ಕಿಗೆ ನಡೆಯುತ್ತದೆ. ಪರಿಹಾರ ಏನೆಂದರೆ, ಕಾಯುವ ಹೊತ್ತುಗಳನ್ನು ಕೂಡಿಸುತ್ತಾ ಹೋಗಬೇಡಿ. ಆರಂಭದ ಕ್ಷಣವನ್ನು ಹಿಡಿದಿಟ್ಟುಕೊಂಡು, ಎಷ್ಟನೆಯ ಪೆಟ್ಟೋ ಅಷ್ಟರಿಂದ ಗುಣಿಸಿ ಪ್ರತಿ ಸಲ ಹೊಸದಾಗಿ ಸಮಯ ಲೆಕ್ಕ ಹಾಕಿ. ಆ ಸಮಯವನ್ನು ಆಡಿಯೋ ಗಡಿಯಾರದಿಂದ, ಅಂದರೆ ಹೊರಹೋದ ಸ್ಯಾಂಪಲ್‌ಗಳ ಎಣಿಕೆಯಿಂದ ತೆಗೆದುಕೊಳ್ಳಿ. ಪರದೆಯ ಟೈಮರಿನಿಂದ ಬೇಡ.

ಅಂತರ ತೀರಾ ನಿಧಾನವಾಗಿ ಬೆಳೆಯುತ್ತಿದ್ದರೆ, ಎರಡು ಬೇರೆ ಬೇರೆ ಯಂತ್ರಗಳ ಗಡಿಯಾರ ಕಾರಣವಿರಬಹುದು: ಒಂದರಲ್ಲಿ ರೆಕಾರ್ಡ್ ಮಾಡಿದ ಟ್ರ್ಯಾಕ್, ಇನ್ನೊಂದರಲ್ಲಿ ಪ್ರೋಗ್ರಾಂ. ಗಡಿಯಾರ ನಡೆಸುವ ಎರಡು ಸ್ಫಟಿಕಗಳ ನಡುವೆ ಲಕ್ಷಕ್ಕೆ ಐದು ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಆಗುತ್ತದೆ. ಒಂದು ಪದ್ಯದಲ್ಲಿ ಗೊತ್ತಾಗುವುದಿಲ್ಲ. ಒಂದೂವರೆ ಗಂಟೆಯ ಪ್ರಸಂಗದ ಉದ್ದಕ್ಕೂ ಬಿಡದೆ ಓಡುವ ಟ್ರ್ಯಾಕಿನಲ್ಲಿ ಖಂಡಿತ ಗೊತ್ತಾಗುತ್ತದೆ. ಎರಡನ್ನೂ ಒಂದೇ ಇಂಟರ್‌ಫೇಸಿಗೆ ತನ್ನಿ, ಇಲ್ಲವೇ ಪ್ರತಿ ಪದ್ಯಕ್ಕೆ ಟ್ರ್ಯಾಕನ್ನು ಹೊಸದಾಗಿ ಶುರು ಮಾಡಿ.

ಇಲ್ಲಿಯೇ ಹೇಳಬೇಕಾದ ಇನ್ನೊಂದು: ಟ್ರ್ಯಾಕ್ ಓಡುತ್ತದೆ, ಜೊತೆಗೆ ಶ್ರುತಿಯೂ ಏರಿದೆ. ಭಾಗವತರು "ಇದು ಕಪ್ಪು ಮೂರು ಅಲ್ಲ" ಎನ್ನುತ್ತಾರೆ; ಹಾರ್ಮೋನಿಯಂನ ಆ ಕಪ್ಪು ಮನೆ ಅವರ ಶ್ರುತಿ. ಹಾಗಾದರೆ ಬೇರೇನೂ ಹುಡುಕಬೇಡಿ. 44.1 ಕಿಲೋಹರ್ಟ್ಜ್‌ನಲ್ಲಿ ಮಾಡಿದ ಫೈಲನ್ನು ಯಂತ್ರ 48 ಎಂದು ತಿಳಿದು ನುಡಿಸುತ್ತಿದೆ. ಕಾಲ ಶೇಕಡಾ 8.8ರಷ್ಟು ಜೋರಾಗುತ್ತದೆ, ಶ್ರುತಿ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಮೇಲೇರುತ್ತದೆ. ತಿರುಗಾಮುರುಗಾ ಆದರೆ ಎರಡೂ ಇಳಿಯುತ್ತವೆ. ಕಾಲ ಮತ್ತು ಶ್ರುತಿ ಒಟ್ಟಿಗೆ ಕೆಟ್ಟರೆ ಸ್ಯಾಂಪಲ್ ರೇಟ್ ಎಂದೇ ತಿಳಿಯಿರಿ.

ಕ್ರಮವಿಲ್ಲದ ಏರುಪೇರು

ಕೇಬಲ್ ಪರೀಕ್ಷೆಯನ್ನೇ ನೂರಾರು ಟಕ್‌ಗಳಿಗೆ ಮಾಡಿ. ಸರಾಸರಿ ನೋಡಬೇಡಿ, ಅತಿ ಬೇಗ ಬಂದದ್ದಕ್ಕೂ ಅತಿ ತಡವಾಗಿ ಬಂದದ್ದಕ್ಕೂ ಎಷ್ಟು ಅಂತರ ಎಂದು ನೋಡಿ. ಅದು 5 ಮಿಲಿಸೆಕೆಂಡಿನೊಳಗಿದ್ದರೆ ನೆಮ್ಮದಿ. 40 ಇದ್ದರೆ ಲ್ಯಾಪ್‌ಟಾಪ್ ಬೇರೆ ಕೆಲಸದಲ್ಲಿದೆ: ವೈಫೈ, ಅಪ್‌ಡೇಟ್, ಬ್ರೌಸರ್, ಹಿನ್ನೆಲೆಯ ಪರದೆಗೆ ಹೋಗುತ್ತಿರುವ ವೀಡಿಯೋ. ಎಲ್ಲ ಮುಚ್ಚಿ. ಇಂಟರ್‌ಫೇಸ್ ಹಬ್ ಮೂಲಕ ಹೋಗದೆ ನೇರ ಯುಎಸ್‌ಬಿಗೆ ಬರಲಿ. ಸ್ವರದ ಸಂದೇಶ ಸಾಗಿಸುವ ಮಿಡಿ ತಂತಿಯ ಮೇಲೆ ಸಂಶಯ ಬೇಡ. ಒಂದು ಸ್ವರದ ಸಂದೇಶಕ್ಕೆ ಅಲ್ಲಿ ಸುಮಾರು ಒಂದೇ ಮಿಲಿಸೆಕೆಂಡ್ ಸಾಕು.

ನಮ್ಮ ಕರಾವಳಿಯಲ್ಲಿ ಎರಡು ಕಾರಣ ವಿಶೇಷವಾಗಿ ನೋಡಬೇಕು. ಏಪ್ರಿಲ್, ಮೇ ಸೆಕೆಯಲ್ಲಿ ದೀಪಗಳ ಬುಡದಲ್ಲಿ ಕೂತ ಲ್ಯಾಪ್‌ಟಾಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸಂಜೆಯ ಪರೀಕ್ಷೆಯಲ್ಲಿ ಸರಿಯಿದ್ದದ್ದು ಎರಡನೇ ಗಂಟೆಯಲ್ಲಿ ಕೆಡುವುದು ಇದರಿಂದ. ಇನ್ನೊಂದು ಕರೆಂಟ್. ಕರೆಂಟ್ ಹೋಗಿ ಜನರೇಟರ್ ಏಳುವವರೆಗೆ ಲ್ಯಾಪ್‌ಟಾಪ್ ಬ್ಯಾಟರಿಗೆ ಹೋಗುತ್ತದೆ, ಹೋದ ಕೂಡಲೇ ಮಿತವ್ಯಯದ ಸ್ಥಿತಿಗೂ ಹೋಗುತ್ತದೆ. ಬ್ಯಾಟರಿಯಲ್ಲೂ ಪೂರ್ಣ ವೇಗ ಇರುವಂತೆ ಮೊದಲೇ ಹೊಂದಿಸಿ. ಆಮೇಲೆ ಅಭ್ಯಾಸದ ನಡುವೆ ಚಾರ್ಜರ್ ಕಿತ್ತು ಪರೀಕ್ಷಿಸಿ.

ತಾಳ ಅರ್ಥವಾಗದಿದ್ದರೆ

ಇಲ್ಲಿಂದ ಮುಂದಿನದ್ದು ನಿಜವಾಗಿ ಕಷ್ಟದ ಭಾಗ, ಹೆಚ್ಚು ಹೊತ್ತು ಕೊಡಬೇಕಾದದ್ದೂ ಇದಕ್ಕೇ.

ಮೊದಲ ಪ್ರಶ್ನೆ: ಪ್ರೋಗ್ರಾಂ ಯಾರನ್ನು ಕೇಳುತ್ತಿದೆ? ಜೋರಾಗಿ, ಸ್ಪಷ್ಟವಾಗಿ ಕೇಳುತ್ತದೆ ಎಂದು ಚೆಂಡೆಯನ್ನು ಅನುಸರಿಸುವಂತೆ ಬರೆದವರೇ ಹೆಚ್ಚು. ಚೆಂಡೆಯ ಕೆಲಸ ತಾಳ ತೋರಿಸುವುದಲ್ಲ. ಅದು ತಾಳದ ಸುತ್ತ ಆಡುತ್ತದೆ, ತುಂಬಿಸುತ್ತದೆ, ಪೆಟ್ಟು ಬೀಳಬೇಕಾದ ಕಡೆ ಬೇಕೆಂದೇ ಖಾಲಿ ಬಿಡುತ್ತದೆ. ಹಿಮ್ಮೇಳದಲ್ಲಿ ಕಾಲದ ಯಜಮಾನಿಕೆ ಭಾಗವತರದ್ದು. ಅವರನ್ನು ಒಂದನೇ ವೇಷ ಎನ್ನುವುದು ಸುಮ್ಮನೆ ಅಲ್ಲ. ಪ್ರೋಗ್ರಾಂ ಕೇಳಬೇಕಾದ್ದು ತೆಂಕುತಿಟ್ಟಿನ ಶೈಲಿಯಲ್ಲಿ ಅವರ ಜಾಗಟೆಯನ್ನು, ಬಡಗುತಿಟ್ಟಿನ ಶೈಲಿಯಲ್ಲಿ ಅವರ ಕೈಯ ತಾಳವನ್ನು.

ಜಾಗಟೆಗೆ ಕಂಪನ ಹಿಡಿಯುವ ಪೀಜೋ ತುಣುಕು ಒಳ್ಳೆಯದು. ಹಗ್ಗ ಕಟ್ಟುವ ತೂತಿನ ಹತ್ತಿರ, ಕೋಲು ಬೀಳದ ಅಂಚಿನಲ್ಲಿ ಅಂಟಿಸಿ, ತಂತಿಯನ್ನು ಹಗ್ಗದ ಜೊತೆಗೇ ಸುತ್ತಿ ಭಾಗವತರ ಅಂಗೈ ಬದಿಯಿಂದ ಕೆಳಗೆ ಬಿಡಿ. ಪಕ್ಕದ ಚೆಂಡೆ ಎಷ್ಟೇ ಅಬ್ಬರಿಸಿದರೂ ಅಲ್ಲಿಗೆ ಬರುವುದು ತೀರಾ ಕಡಿಮೆ. ಬಡಗಿನ ತಾಳಕ್ಕೆ ಹೀಗೆ ಅಂಟಿಸಿದರೆ ನಾದ ಕೆಡುತ್ತದೆ. ಭಾಗವತರು ಒಪ್ಪುವುದಿಲ್ಲ, ಒಪ್ಪಲೂಬಾರದು. ಅದಕ್ಕೆ ಹತ್ತಿರದಲ್ಲಿ ಒಂದು ಕಾಲರ್ ಮೈಕ್ ಇಟ್ಟು, ಫಿಲ್ಟರಿನಿಂದ 5 ಕಿಲೋಹರ್ಟ್ಜ್‌ಗಿಂತ ಮೇಲಿನದ್ದನ್ನು ಮಾತ್ರ ಒಳಗೆ ಬಿಡಿ. ತಾಳದ ಮಿಂಚು ಅಲ್ಲಿರುತ್ತದೆ, ಮದ್ದಳೆಯ ಮೈ ಅದಕ್ಕಿಂತ ಕೆಳಗೆ.

ಒಂದು ಪೆಟ್ಟಿಗೆ ಎರಡು ಮೂರು ಪೆಟ್ಟು ಎಣಿಕೆಯಾಗುತ್ತಿದ್ದರೆ ಜಾಗಟೆಯ ಮೊರೆತ ಕಾರಣ. ಪೆಟ್ಟು ಹಿಡಿದ ಮೇಲೆ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಳ್ಳುವಂತೆ ಮಾಡಿ. ಆ ಹೊತ್ತು ಅತಿ ವೇಗದ ಕಾಲದಲ್ಲಿ ಬೀಳುವ ಎರಡು ಪೆಟ್ಟುಗಳ ಅಂತರಕ್ಕಿಂತ ಕಡಿಮೆ ಇರಬೇಕು. ಅಲ್ಲಿ ಅಂತರ 200 ಮಿಲಿಸೆಕೆಂಡ್ ಎಂದಾದರೆ 120 ಸರಿ. ಪ್ಯೂರ್ ಡೇಟಾದಲ್ಲಿ ಮಿಲ್ಲರ್ ಪಕೆಟ್ ಅವರು ಬರೆದ "ಬಾಂಕ್" ಎಂಬ ಆಬ್ಜೆಕ್ಟ್ ತಾಳವಾದ್ಯದ ಪೆಟ್ಟು ಹಿಡಿಯಲೆಂದೇ ಇರುವುದು. ಅದು 256 ಸ್ಯಾಂಪಲ್‌ನ ಕಿಟಕಿಯಿಂದ ನೋಡುತ್ತದೆ, ಆದ್ದರಿಂದ ಪತ್ತೆಗೆ ಹಿಡಿಯುವ ಹೊತ್ತು ಕಡಿಮೆ. 2048ರ ಕಿಟಕಿ ಇಟ್ಟ ಬೇರೆ ವಿಧಾನದಲ್ಲಿ ಕಿಟಕಿ ತುಂಬಲಿಕ್ಕೇ 40 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು.

ಪೆಟ್ಟುಗಳು ಸರಿಯಾಗಿ ಸಿಕ್ಕಿಯೂ ಕಾಲ ತಪ್ಪಿದರೆ ಎಣಿಕೆ ನೋಡಿ. ಹೊರಗಿನಿಂದ ತಂದ ಕಾಲ ಹುಡುಕುವ ಪ್ರೋಗ್ರಾಮುಗಳು ಪೆಟ್ಟುಗಳ ನಡುವೆ ಸಮ ಅಂತರ ಇರುತ್ತದೆ ಎಂದು ನಂಬುತ್ತವೆ, ನಾಲ್ಕರ ಲೆಕ್ಕವನ್ನು ಇಷ್ಟಪಡುತ್ತವೆ. ಏಳು ಅಕ್ಷರವನ್ನು (ತಾಳದ ಎಣಿಕೆಯ ಘಟಕ) 3, 2, 2 ಎಂದು ಎಣಿಸುವ ತ್ರಿವುಡೆಯಲ್ಲಿ ಅಕ್ಷರಕ್ಕೆ 250 ಮಿಲಿಸೆಕೆಂಡ್ ಇದ್ದರೆ, ವಿಭಾಗದ ಮೊದಲಿಗೆ ಬೀಳುವ ಪೆಟ್ಟುಗಳ ಅಂತರ 750, 500, 500. ಪ್ರೋಗ್ರಾಂ ಇವುಗಳ ಸರಾಸರಿ 583 ತೆಗೆದು ಅದೇ ಕಾಲ ಎಂದು ಹೊರಡುತ್ತದೆ, ಒಂದೊಂದು ಪೆಟ್ಟಿಗೂ ಬೆಚ್ಚಿ ತಿದ್ದಿಕೊಳ್ಳುತ್ತದೆ. ಪ್ರತಿ ಆವರ್ತದಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಎಂದು ಮೇಲೆ ಹೇಳಿದ್ದು ಇದೇ. ಹತ್ತು ಅಕ್ಷರದ ಝಂಪೆಯಲ್ಲೂ ಇದು ಸಂಭವಿಸುತ್ತದೆ. ಏಕತಾಳದಲ್ಲಿ ಬೇರೆ ತೊಂದರೆ: ಕಾಲ ದುಪ್ಪಟ್ಟೋ ಅರ್ಧವೋ ಆಗಿ ಜಿಗಿಯುತ್ತದೆ, ಯಾಕೆಂದರೆ ಪೆಟ್ಟುಗಳ ಲೆಕ್ಕಕ್ಕೆ ಎರಡೂ ಹೊಂದುತ್ತವೆ.

ತಾಳವನ್ನು ಪ್ರೋಗ್ರಾಂ ತಾನೇ ಕಂಡುಹಿಡಿಯಲಿ ಎಂದು ಹಟ ಹಿಡಿಯಬೇಡಿ. ಮುಂದಿನ ಪದ್ಯ ಯಾವ ತಾಳದ್ದು ಎಂದು ಮದ್ದಳೆಯವರಿಗೆ ಗೊತ್ತಿರುತ್ತದೆ, ಪ್ರೋಗ್ರಾಮಿಗೂ ಹೇಳಿ. ಪ್ರಸಂಗದ ಪದ್ಯಗಳ ಪಟ್ಟಿ, ಒಂದೊಂದಕ್ಕೂ ತಾಳ, ಎಷ್ಟನೆಯ ಅಕ್ಷರದಿಂದ ಎತ್ತುಗಡೆ (ಹಾಡಿನ ಆರಂಭ), ಯಾವ ಅಕ್ಷರಕ್ಕೆ ಪೆಟ್ಟು ಎಂಬ ಕೋಷ್ಟಕ ಬರೆದಿಟ್ಟು, ಪದ್ಯ ಬದಲಾದಾಗ ಕಾಲಿನ ಪೆಡಲ್ ಒತ್ತಿ. ಆಗ ಪ್ರೋಗ್ರಾಮಿಗೆ ಉಳಿಯುವ ಪ್ರಶ್ನೆ ಒಂದೇ, ಅಕ್ಷರಕ್ಕೆ ಈಗ ಎಷ್ಟು ಹೊತ್ತು.

1984ರಲ್ಲಿ ಪ್ಯಾರಿಸ್ಸಿನ ಕಂಪ್ಯೂಟರ್ ಸಂಗೀತ ಸಮ್ಮೇಳನದಲ್ಲಿ ರೋಜರ್ ಡ್ಯಾನನ್‌ಬರ್ಗ್ ಮತ್ತು ಬ್ಯಾರಿ ವರ್ಕೋ ಬೇರೆ ಬೇರೆಯಾಗಿ, ನುಡಿಸುವವರನ್ನು ಹಿಂಬಾಲಿಸುವ ಕಂಪ್ಯೂಟರನ್ನು ತೋರಿಸಿದ್ದರು. ಇಬ್ಬರಿಗೂ ಆಧಾರ ಬರೆದಿಟ್ಟ ಸ್ವರಲಿಪಿ: ಬಂದ ಸ್ವರವನ್ನು ಕಾಗದದ ಸ್ವರದ ಜೊತೆ ಹೋಲಿಸಿ ಎಲ್ಲಿದ್ದೇವೆ ಎಂದು ತಿಳಿಯುವುದು. ಯಕ್ಷಗಾನದ ಪದ್ಯಕ್ಕೆ ಸಾಹಿತ್ಯವಿದೆ, ರಾಗ ತಾಳ ಇದೆ. ಇಂದು ಭಾಗವತರು ಯಾವ ಸಾಲನ್ನು ಎಷ್ಟು ಬಾರಿ ಹೇಳುತ್ತಾರೆ, ವೇಷಧಾರಿಯ ಕುಣಿತ ನೋಡಿ ಎಲ್ಲಿ ಹಿಗ್ಗಿಸುತ್ತಾರೆ ಎಂಬುದು ಯಾವ ಕಾಗದದಲ್ಲೂ ಇಲ್ಲ. ಹಾಗಾಗಿ ನಮಗೆ ಸ್ವರಕ್ಕಿಂತ ಆವರ್ತವನ್ನು ಹಿಂಬಾಲಿಸುವುದೇ ದಾರಿ. ಭಾಗವತರು ತಾಳವಿಲ್ಲದೆ ಆಲಾಪಕ್ಕೆ ಹೋದರೆ ಪ್ರೋಗ್ರಾಂ ಊಹಿಸುವುದನ್ನು ನಿಲ್ಲಿಸಿ, ಶ್ರುತಿ ಹಿಡಿದು ಕಾಯಬೇಕು. ಎರಡು ನಿರೀಕ್ಷಿತ ಪೆಟ್ಟು ಬಾರದಿದ್ದರೆ ಕಾಯುವ ಸ್ಥಿತಿಗೆ ಹೋಗುವಂತೆ ಬರೆಯಿರಿ.

ಒಮ್ಮೆ ಮುಂದೆ, ಒಮ್ಮೆ ಹಿಂದೆ

ಪ್ಲಸ್, ಮೈನಸ್ ಸರದಿಯಾಗಿ ಬಂದರೆ ತಿದ್ದುಪಡಿ ಅತಿಯಾಗಿದೆ. ಪೆಟ್ಟು 40 ಮಿಲಿಸೆಕೆಂಡ್ ತಪ್ಪಿತು ಎಂದು ಪ್ರೋಗ್ರಾಂ ಪೂರ್ತಿ 40 ತಿದ್ದುವುದಲ್ಲದೆ, ಕಾಲವನ್ನೂ ಅದಕ್ಕೆ ತಕ್ಕಂತೆ ಬದಲಿಸಿದರೆ, ಮುಂದಿನ ಸಲ ಅಷ್ಟೇ ಆಚೆ ಬೀಳುತ್ತದೆ, ತಕ್ಕಡಿಯ ಮುಳ್ಳಿನ ಹಾಗೆ. ಪೆಟ್ಟಿನ ಜಾಗದ ತಪ್ಪಿನಲ್ಲಿ ಮೂರರಲ್ಲೊಂದು ಪಾಲು ತಿದ್ದಿ. ಕಾಲದ ವೇಗವನ್ನು ಅದಕ್ಕಿಂತಲೂ ಕಡಿಮೆ, ಹತ್ತರಲ್ಲೊಂದು ಪಾಲು. ಇಲ್ಲಿಂದ ಶುರು ಮಾಡಿ ಕಿವಿಯಿಂದ ಹೊಂದಿಸಿ. ಏರು ಪದ್ಯದಲ್ಲಿ ಕಾಲ ಏರುವಾಗ ಹಿಂದುಳಿದರೆ ವೇಗದ ಪಾಲನ್ನು ಹೆಚ್ಚಿಸಿ, ನಿಧಾನದ ಪದ್ಯದಲ್ಲಿ ಅಲುಗಾಡಿದರೆ ಇಳಿಸಿ. ಎರಡಕ್ಕೂ ಒಂದೇ ಅಂಕಿ ಹೊಂದುವುದಿಲ್ಲ, ಪದ್ಯದ ಕೋಷ್ಟಕದಲ್ಲೇ ಇದಕ್ಕೊಂದು ಕಾಲಂ ಇರಲಿ.

ಲ್ಯಾಪ್‌ಟಾಪ್ ಸರಿಯಿದೆ, ಹಿಮ್ಮೇಳದ ಕಾಲ ಇಳಿಯುತ್ತಿದೆ

ಇದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ದೋಷ. ರೆಕಾರ್ಡಿಂಗಿನಲ್ಲಿ ಪೆಟ್ಟಿಗೂ ಟಕ್‌ಗೂ 20 ಮಿಲಿಸೆಕೆಂಡ್ ಮಾತ್ರ ಅಂತರ, ಉದ್ದಕ್ಕೂ ಅಷ್ಟೇ. ಆದರೂ ಪದ್ಯ ಎಳೆಯುತ್ತಿದೆ, ಕುಣಿಯುವವರಿಗೆ ಕಾಲು ಭಾರವಾಗುತ್ತಿದೆ. ಯಾರೂ ಲ್ಯಾಪ್‌ಟಾಪನ್ನು ದೂರುವುದಿಲ್ಲ; ಇವತ್ತು ಯಾಕೋ ಕಾಲ ಏರಲಿಲ್ಲ ಎನ್ನುತ್ತಾರೆ.

ನಡೆಯುತ್ತಿರುವುದು ಇದು. ಲ್ಯಾಪ್‌ಟಾಪ್ ಭಾಗವತರಿಗಿಂತ ಚೂರು ತಡವಾಗಿ ನುಡಿಸುತ್ತದೆ. ಮಾನಿಟರಿನಲ್ಲಿ ಅದನ್ನು ಜೋರಾಗಿ ಕೇಳುವ ಮದ್ದಳೆಯವರು, ಒಟ್ಟಿಗೆ ಇರಬೇಕೆಂಬ ಒಳ್ಳೆಯ ಅಭ್ಯಾಸದಿಂದಲೇ, ಅದಕ್ಕಾಗಿ ಚೂರು ಕಾಯುತ್ತಾರೆ. ಭಾಗವತರು ಮದ್ದಳೆಗೆ ಹೊಂದಿಕೊಳ್ಳುತ್ತಾರೆ. ಪ್ರೋಗ್ರಾಂ ಭಾಗವತರನ್ನು ನೋಡಿ ತಾನೂ ನಿಧಾನವಾಗುತ್ತದೆ. ಹೀಗೆ ಎಲ್ಲರೂ ಇನ್ನೊಬ್ಬರಿಗಾಗಿ ಕಾಯುತ್ತಾ ಸುತ್ತಿನಲ್ಲಿ ಕಾಲ ಇಳಿಯುತ್ತದೆ. ದೂರದ ಊರುಗಳಲ್ಲಿ ಕೂತು ಇಂಟರ್ನೆಟ್ ಮೂಲಕ ಒಟ್ಟಿಗೆ ನುಡಿಸುವವರಿಗೂ ಇದೇ ಕಾರಣಕ್ಕೆ ಕಾಲ ಇಳಿಯುತ್ತದೆ.

ಪರೀಕ್ಷೆ ಸುಲಭ. "ಭಾಗವತ್ರೆ, ಇದೇ ಪದ್ಯ ಒಮ್ಮೆ ಲ್ಯಾಪ್‌ಟಾಪ್ ಇಲ್ಲದೆ ಹೇಳ್ಬಹುದಾ?" ಎಂದು ಕೇಳಿ. ಆಮೇಲೆ ಮಾನಿಟರ್ ಇಟ್ಟು ಒಮ್ಮೆ. ಮೂರನೆಯ ಬಾರಿ ಲ್ಯಾಪ್‌ಟಾಪ್ ಓಡುತ್ತಿರಲಿ, ಮಾನಿಟರಿನಲ್ಲಿ ಮಾತ್ರ ಕೇಳಿಸದಿರಲಿ. ಮೂರೂ ಸಲ ಕೊನೆಯ ಆವರ್ತದ ಉದ್ದ ಅಳೆಯಿರಿ. ಮಾನಿಟರ್ ಇದ್ದಾಗ ಮಾತ್ರ ಆವರ್ತ ಉದ್ದವಾಗಿದ್ದರೆ ಸಂಶಯವೇ ಬೇಡ. ಹಿಮ್ಮೇಳದ ಮಾನಿಟರಿನಲ್ಲಿ ಲ್ಯಾಪ್‌ಟಾಪಿನ ಪೆಟ್ಟುಗಳನ್ನು ತಗ್ಗಿಸಿ, ಶ್ರುತಿಯ ಪದರ ಮಾತ್ರ ಬಿಡಿ. ಪ್ರೋಗ್ರಾಂ ಎಷ್ಟು ಮುಂಚೆ ಹೊರಡಬೇಕು ಎಂಬ ಅಂಕಿಯನ್ನು ಆ 20 ಮಿಲಿಸೆಕೆಂಡಿಗಿಂತ ಚೂರು ಹೆಚ್ಚೇ ಏರಿಸಿ, ಟಕ್ ಜಾಗಟೆಗಿಂತ ಕೂದಲೆಳೆ ಮುಂದಿರುವ ಹಾಗೆ. ಕಾಲ ಏರುತ್ತದೆ.

ಮುಕ್ತಾಯ

ಪದ್ಯ ಮುಗಿದ ಮೇಲೂ ಲ್ಯಾಪ್‌ಟಾಪ್ ಒಂದು ಪೆಟ್ಟು ಹೆಚ್ಚು ಹೊಡೆಯುವುದು ಪ್ರೇಕ್ಷಕರಿಗೂ ಗೊತ್ತಾಗುವ ತಪ್ಪು. ಶಿವರಾಮ ಕಾರಂತರು ಉಡುಪಿಯಲ್ಲಿ ಯಕ್ಷಗಾನದ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ಆ ವಾದ್ಯ ಹಿಡಿದವರು ಭಾಗವತರ ಮುಖ ನೋಡುತ್ತಿದ್ದರು. ಮುಕ್ತಾಯಕ್ಕೆ ಹೋಗುವ ಸೂಚನೆ ಹೆಚ್ಚಾಗಿ ಕಣ್ಣಿನಲ್ಲಿ, ತಲೆಯ ಅಲುಗಿನಲ್ಲಿ ಇರುತ್ತದೆ, ಮೈಕಿನಲ್ಲಿ ಸಿಗುವುದಿಲ್ಲ. ಮುಂದಿನ ಪೆಟ್ಟನ್ನು ಊಹಿಸುವ ಪ್ರೋಗ್ರಾಮಿಗೆ "ಮುಂದಿನದ್ದು ಇಲ್ಲ" ಎಂದು ಊಹಿಸಲು ಯಾವ ದಾರಿಯೂ ಇಲ್ಲ.

ಆದ್ದರಿಂದ ಇದನ್ನು ಮನುಷ್ಯರಿಗೇ ಬಿಡಿ. 1957ರಲ್ಲಿ ಕಂಪ್ಯೂಟರಿನಿಂದ ನಾದ ಹುಟ್ಟಿಸುವ ಪ್ರೋಗ್ರಾಂ ಬರೆದ ಮ್ಯಾಕ್ಸ್ ಮ್ಯಾಥ್ಯೂಸ್ ಅವರೇ ಮುಂದೆ ರೇಡಿಯೋ ಬ್ಯಾಟನ್ ಎಂಬ ಸಾಧನದಲ್ಲಿ ಸ್ವರಗಳನ್ನು ಯಂತ್ರಕ್ಕೆ ಕೊಟ್ಟು, ಕಾಲವನ್ನು ಕೋಲು ಹಿಡಿದ ಕೈಗೆ ಕೊಟ್ಟರು. ಪೆಡಲ್ ಒತ್ತುವುದರಲ್ಲಿ ಕುಂದೇನೂ ಇಲ್ಲ. ಎರಡನೆಯ ಪೆಡಲ್ ಒಂದನ್ನು ಮುಕ್ತಾಯಕ್ಕೆಂದೇ ಇಡಿ: ಒತ್ತಿದರೆ ಪ್ರೋಗ್ರಾಂ ಈ ಆವರ್ತದ ಕೊನೆಯ ಪೆಟ್ಟಿಗೆ ನಿಲ್ಲಬೇಕು, ಬಾಲದ ನಾದವನ್ನು ಒಂದು ಸೆಕೆಂಡಿನೊಳಗೆ ಇಳಿಸಬೇಕು. ಒತ್ತುವವರು ಭಾಗವತರ ಮುಖ ಕಾಣುವ ಕಡೆ ಕೂರಬೇಕು, ಪರದೆಯ ಕಡೆ ಮುಖ ಮಾಡಿ ಅಲ್ಲ. ಮದ್ದಳೆಯವರ ಹಿಂದಿನ ಜಾಗ ಹೆಚ್ಚಾಗಿ ಸರಿಹೋಗುತ್ತದೆ. ಪೆಡಲಿನ ತಂತಿಯನ್ನು ವೇಷಗಳು ಚೌಕಿಯಿಂದ (ಬಣ್ಣ ಹಚ್ಚುವ ಕೋಣೆ) ಬರುವ ದಾರಿಗೆ ಅಡ್ಡ ಎಳೆಯಬೇಡಿ, ಹಿಮ್ಮೇಳದ ಹಿಂದಿನಿಂದ ತಂದು ಚಾಪೆಯ ಅಡಿಯಲ್ಲಿ ಟೇಪ್ ಹಾಕಿ.